ಅಮೆರಿಕದ ರಾಜಕಾರಣಿಗೆ ದುಡ್ಡು ಕೊಟ್ಟವರು ಯಾರು? ಕೋಲಾರದಲ್ಲೇ ಕೂತು ಹುಡುಕುವುದು ಹೇಗೆ

ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ ಇದೆ. ಮೊದಲು ವಿಸ್ಟ್ರಾನ್ ಕಂಪನಿಯದಾಗಿತ್ತು, ಈಗ ಟಾಟಾದವರದು. ಕೋಲಾರದ ಸುತ್ತ ಎಷ್ಟೋ ಹಳ್ಳಿಗಳ ಹುಡುಗ ಹುಡುಗಿಯರು ಕಂಪನಿ ಬಸ್ ಹತ್ತಿ ಅಲ್ಲಿಗೆ ಶಿಫ್ಟ್‌ಗೆ ಹೋಗುತ್ತಾರೆ. ಹಾಗಾಗಿ 2025ರ ಏಪ್ರಿಲ್‌ನಲ್ಲಿ ಟ್ರಂಪ್ ಬಹುತೇಕ ಎಲ್ಲ ದೇಶಗಳ ಮೇಲೆ ಸುಂಕ ಹಾಕಿದಾಗ, ಅದೇ ತಿಂಗಳು ಸ್ಮಾರ್ಟ್‌ಫೋನ್‌ಗಳಿಗೆ ವಿನಾಯಿತಿ ಕೊಟ್ಟಾಗ, ನಮ್ಮೂರಲ್ಲೂ ಅದೇ ಮಾತು. ನಾನು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕಿಕೊಡುವವಳು. ನನ್ನ ಹತ್ತಿರ ಲೆಕ್ಕ ಬರೆಸುವ ಟೊಮೆಟೊ ಮಂಡಿ ಯಜಮಾನರೊಬ್ಬರು, “ಯಾರೋ ದುಡ್ಡು ಕೊಟ್ಟು ಮಾಡಿಸ್ಕೊಂಡಿರ್ತಾರೆ ಬಿಡಮ್ಮ” ಅಂದರು. “ಯಾರು ಎಷ್ಟು ಕೊಟ್ಟರು ಅಂತ ನೋಡೋಣ್ವಾ ಯಜಮಾನ್ರೇ?” ಅಂದೆ. ತಮಾಷೆ ಮಾಡ್ತಿದ್ದೀನಿ ಅಂದುಕೊಂಡರು.

ತಮಾಷೆಯಲ್ಲ, ನೋಡಬಹುದು. ಅಮೆರಿಕದ ರಾಜಕೀಯದಲ್ಲಿ ದುಡ್ಡಿನ ಬಹುಪಾಲು ಕಾನೂನಿನ ಒಳಗೇ ಓಡಾಡುತ್ತದೆ. ಕದ್ದು ಕೊಡುವುದಕ್ಕಿಂತ ಬರೆದಿಟ್ಟು ಕೊಡುವುದೇ ಅಲ್ಲಿ ಜಾಸ್ತಿ. ಹಾಗಾಗಿ ಲೆಕ್ಕ ಓದಲು ಬಂದರೆ ಅರ್ಧ ಕೆಲಸ ಆಯಿತು. ಉಳಿದರ್ಧ, ಆ ಲೆಕ್ಕ ಎಲ್ಲಿ ನಿಂತುಹೋಗುತ್ತದೆ ಅಂತ ಗುರುತಿಸುವುದು. ಅಮೆರಿಕದಲ್ಲಿ ಮಕ್ಕಳಿರುವ ಅಪ್ಪ ಅಮ್ಮಂದಿರು, ಪೇಪರ್ ಓದಿ ತಲೆ ಕೆಡಿಸಿಕೊಳ್ಳುವವರು, ಸುಮ್ನೆ ಕುತೂಹಲ ಇರುವವರು, ಯಾರು ಬೇಕಾದರೂ ಇದನ್ನು ಮಾಡಬಹುದು. ಲಾಗಿನ್ ಬೇಡ, ಒಟಿಪಿ ಬೇಡ, ಫೀಸು ಇಲ್ಲ. ಮೊಬೈಲ್‌ನಲ್ಲೂ ಆಗುತ್ತದೆ, ಆದರೆ ಉದ್ದುದ್ದ ಪಟ್ಟಿಗಳು, ಕಂಪ್ಯೂಟರ್ ಇದ್ದರೆ ಒಳ್ಳೆಯದು.

ಮೊದಲು ಎಫ್‌ಇಸಿ

ಅಲ್ಲಿ ಚುನಾವಣೆಯ ದುಡ್ಡಿನ ಲೆಕ್ಕ ನೋಡುವುದು ಫೆಡರಲ್ ಎಲೆಕ್ಷನ್ ಕಮಿಷನ್. ಚಿಕ್ಕದಾಗಿ ಎಫ್‌ಇಸಿ. ನಮ್ಮ ಚುನಾವಣಾ ಆಯೋಗದ ಹಾಗೆ ಮತಗಟ್ಟೆ, ಮತ ಎಣಿಕೆ ಎಲ್ಲ ಇದರ ಕೆಲಸ ಅಲ್ಲ, ದುಡ್ಡು ಮಾತ್ರ. ಎಫ್‌ಇಸಿ ಡಾಟ್ ಗವ್ ತೆರೆದು ಹುಡುಕುವ ಜಾಗದಲ್ಲಿ ಅಭ್ಯರ್ಥಿಯ ಹೆಸರು ಹಾಕಿ. ಒಂದೇ ಹೆಸರಿನವರು ನಾಲ್ಕಾರು ಜನ ಬಂದರೆ ಐಡಿ ನಂಬರ್ ನೋಡಿ. ಎಚ್ ಅಕ್ಷರದಿಂದ ಶುರುವಾದರೆ ಹೌಸ್ (ಅಲ್ಲಿನ ಸಂಸತ್ತಿನ ಕೆಳಮನೆ), ಎಸ್ ಆದರೆ ಸೆನೆಟ್ (ಮೇಲ್ಮನೆ), ಪಿ ಆದರೆ ಅಧ್ಯಕ್ಷ ಸ್ಥಾನ. ಸಿ ಅಂತ ಇದ್ದರೆ ಅದು ವ್ಯಕ್ತಿ ಅಲ್ಲ, ಚುನಾವಣೆಗೆ ದುಡ್ಡು ಎತ್ತಿ ಖರ್ಚು ಮಾಡುವ ಸಮಿತಿ.

ಅಭ್ಯರ್ಥಿಯ ಪುಟದಲ್ಲಿ ಒಟ್ಟು ಎಷ್ಟು ಬಂತು, ಎಷ್ಟು ಖರ್ಚಾಯಿತು, ಕೈಯಲ್ಲಿ ಎಷ್ಟು ಉಳಿದಿದೆ ಅಂತ ಇರುತ್ತದೆ. ಅಲ್ಲಿಗೇ ನಿಲ್ಲಬೇಡಿ. ಕೆಳಗೆ ಹೋಗಿ ವೈಯಕ್ತಿಕ ದೇಣಿಗೆಗಳ ಪಟ್ಟಿ ತೆಗೆಯಿರಿ. ಒಬ್ಬರು ಒಟ್ಟು 200 ಡಾಲರ್‌ಗಿಂತ ಜಾಸ್ತಿ ಕೊಟ್ಟಿದ್ದರೆ ಅವರ ಹೆಸರು, ಊರು, ಉದ್ಯೋಗ, ಯಾವ ಕಂಪನಿಯಲ್ಲಿ ಕೆಲಸ, ಯಾವ ದಿನ ಎಷ್ಟು ಕೊಟ್ಟರು, ಎಲ್ಲ ಬರೆದಿರಬೇಕು. ನಮ್ಮಲ್ಲಿ ಪಕ್ಷಗಳು ಹೆಸರು ಹೇಳಬೇಕಾದ್ದು 20,000 ರೂಪಾಯಿ ದಾಟಿದ ಮೇಲೆ. ನಗದು ಮಿತಿ ಅವರಲ್ಲಿ 100 ಡಾಲರ್, ನಮ್ಮಲ್ಲಿ 2,000 ರೂಪಾಯಿ. ಕಾಗದದ ಮೇಲೆ ಎರಡೂ ಕಡೆ ಚೆನ್ನಾಗೇ ಇದೆ. ವ್ಯತ್ಯಾಸ ಏನೆಂದರೆ, ಅಲ್ಲಿ ಒಂದು ಕಂಪನಿಯ ಹೆಸರು ಹಾಕಿ ಅದರ ಸಿಬ್ಬಂದಿ ಯಾರಿಗೆ ಕೊಟ್ಟಿದ್ದಾರೆ ಅಂತ ಒಂದೇ ನಿಮಿಷದಲ್ಲಿ ಸೋಸಿ ತೆಗೆಯಬಹುದು.

ಇಲ್ಲಿ ಲೆಕ್ಕದವಳಾಗಿ ಕೆಲವು ಎಚ್ಚರಿಕೆ ಹೇಳುತ್ತೇನೆ. ಒಂದೇ ಕಂಪನಿಯನ್ನು ಜನ ಹತ್ತು ಥರ ಬರೆದಿರುತ್ತಾರೆ, ಎಲ್ಲ ರೂಪವನ್ನೂ ಹಾಕಿ ನೋಡಿ. ದೊಡ್ಡ ಕುಳಗಳು ಎಷ್ಟೋ ಸಲ ‘ನಿವೃತ್ತ’ ಅಂತ ಬರೆದಿರುತ್ತಾರೆ. ಹೆಂಡತಿಯ ಹೆಸರಲ್ಲಿ ಕೊಟ್ಟರೆ ‘ಗೃಹಿಣಿ’ ಅಂತ ಇರುತ್ತದೆ, ಆದ್ದರಿಂದ ಊರು ಮತ್ತು ಮನೆತನದ ಹೆಸರು ಎರಡೂ ಹಾಕಿ ಇನ್ನೊಮ್ಮೆ ಹುಡುಕಿ. ಆಕ್ಟ್‌ಬ್ಲೂ, ವಿನ್‌ರೆಡ್ ಅಂತ ಆನ್‌ಲೈನ್ ದೇಣಿಗೆ ಸಂಗ್ರಹಿಸುವ ವ್ಯವಸ್ಥೆಗಳಿವೆ, ಮೊದಲನೆಯದು ಡೆಮಾಕ್ರಟ್ ಕಡೆಯದು, ಎರಡನೆಯದು ರಿಪಬ್ಲಿಕನ್ ಕಡೆಯದು. ಅವುಗಳ ಮೂಲಕ ಬಂದ ದುಡ್ಡು ಅವುಗಳ ರಿಪೋರ್ಟ್‌ನಲ್ಲೂ ಅಭ್ಯರ್ಥಿಯ ರಿಪೋರ್ಟ್‌ನಲ್ಲೂ, ಎರಡು ಕಡೆ ಕಾಣಿಸಿಕೊಳ್ಳುತ್ತದೆ. ‘ಮೆಮೊ’ ಅಂತ ಗುರುತು ಇದ್ದ ಸಾಲನ್ನು ಮತ್ತೆ ಕೂಡಬೇಡಿ. ತಿದ್ದುಪಡಿ ರಿಪೋರ್ಟ್ ಬಂದಿದ್ದರೆ ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿಯಿರಿ. ಇಷ್ಟು ಮಾಡದೆ ವಾಟ್ಸಾಪ್‌ನಲ್ಲಿ ಹಾಕುವ ಅಂಕಿಗಳಿಗೆ ನಾನು ಬೆಲೆ ಕೊಡುವುದಿಲ್ಲ.

ಇನ್ನೊಂದು ವಿಷಯ. ಈ ಪಟ್ಟಿಯ ಹೆಸರು ವಿಳಾಸ ಹಿಡಿದು ವ್ಯಾಪಾರ ಮಾಡುವುದು, ಚಂದಾ ಎತ್ತುವುದು ಕಾನೂನು ಪ್ರಕಾರ ಅಪರಾಧ. ಹಿಡಿಯುವುದಕ್ಕೆ ಅಂತಲೇ ಸಮಿತಿಗಳು ಪ್ರತಿ ರಿಪೋರ್ಟ್‌ನಲ್ಲಿ ಹತ್ತರವರೆಗೆ ಸುಳ್ಳು ಹೆಸರು ಸೇರಿಸಲು ಅವಕಾಶ ಇದೆ. ಚೆನ್ನಾಗಿದೆ ಅಲ್ವಾ?

ಮಿತಿ ಇದೆ, ಮಿತಿ ಇಲ್ಲ

2025-26ರ ಅವಧಿಗೆ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 3,500 ಡಾಲರ್ ಮಾತ್ರ ಕೊಡಬಹುದು. ಪಕ್ಷದೊಳಗಿನ ಪ್ರೈಮರಿ ಬೇರೆ, ಅಂತಿಮ ಚುನಾವಣೆ ಬೇರೆ ಲೆಕ್ಕ. ಎರಡೂ ಸೇರಿ 7,000. ಕಂಪನಿಗಳು ತಮ್ಮ ಖಜಾನೆಯಿಂದ ಅಭ್ಯರ್ಥಿಗೆ ಕೊಡುವ ಹಾಗೇ ಇಲ್ಲ, 1907ರಿಂದಲೂ ಇಲ್ಲ. ‘ಆ ಕಂಪನಿ ಈ ಸೆನೆಟರ್‌ಗೆ ಇಷ್ಟು ಕೊಟ್ಟಿತು’ ಅಂತ ಓದಿದರೆ, ಅದು ಆ ಕಂಪನಿಯ ನೌಕರರು ಮತ್ತು ನೌಕರರ ದುಡ್ಡಿನಿಂದ ನಡೆಯುವ ಪಿಎಸಿ ಎಂಬ ಸಮಿತಿ ಕೊಟ್ಟದ್ದು ಅಂತ ತಿಳಿಯಿರಿ. ಆಪಲ್‌ಗೆ ಅಂಥ ಪಿಎಸಿ ಕೂಡ ಇಲ್ಲ.

ಹಾಗಾದರೆ ಇಲಾನ್ ಮಸ್ಕ್ 2024ರಲ್ಲಿ 25 ಕೋಟಿ ಡಾಲರ್‌ಗೂ ಜಾಸ್ತಿ ಹೇಗೆ ಸುರಿದರು? ಬಾಗಿಲು ಬೇರೆ. 1976ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟ್, ಚುನಾವಣೆಗೆ ಖರ್ಚು ಮಾಡುವುದು ಮಾತಾಡುವ ಹಕ್ಕಿಗೆ ಸೇರಿದ್ದು, ಅದಕ್ಕೆ ಮಿತಿ ಹಾಕುವಂತಿಲ್ಲ ಅಂದಿತು. ನಮ್ಮ ಲೋಕಸಭಾ ಅಭ್ಯರ್ಥಿಗೆ ಇರುವ 95 ಲಕ್ಷದ ಥರದ ಮಿತಿ ಅಲ್ಲಿ ಇಲ್ಲ. 2010ರ ಜನವರಿಯಲ್ಲಿ ಸಿಟಿಜನ್ಸ್ ಯುನೈಟೆಡ್ ತೀರ್ಪು ಬಂತು. ಅಭ್ಯರ್ಥಿಯ ಜೊತೆ ಸೇರದೆ, ಪ್ರತ್ಯೇಕವಾಗಿ ನಿಂತು ಕಂಪನಿಗಳೂ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಅಂತಾಯಿತು. ಅದರ ಬೆನ್ನಿಗೇ ಇನ್ನೊಂದು ತೀರ್ಪು ಬಂದು, ಮಿತಿಯಿಲ್ಲದೆ ದುಡ್ಡು ಎತ್ತುವ ಸೂಪರ್ ಪಿಎಸಿ ಎಂಬ ಸಮಿತಿಗಳು ಹುಟ್ಟಿದವು. ಇವು ಅಭ್ಯರ್ಥಿಗೆ ಒಂದು ಡಾಲರ್ ಕೊಡುವ ಹಾಗಿಲ್ಲ, ಅವರ ಪರ ಟಿವಿ ಜಾಹೀರಾತಿಗೆ ನೂರು ಕೋಟಿ ಸುರಿಯಬಹುದು. ಅಭ್ಯರ್ಥಿಯ ಹಳೆಯ ಸಿಬ್ಬಂದಿಯೇ ಎಷ್ಟೋ ಕಡೆ ಅದನ್ನು ನಡೆಸುತ್ತಾರೆ. ‘ಪ್ರತ್ಯೇಕ’ ಅನ್ನುವುದನ್ನು ಎಷ್ಟು ನಂಬಬೇಕೋ ನೀವೇ ನೋಡಿ.

ಆದ್ದರಿಂದ ಅಭ್ಯರ್ಥಿಯ ಪುಟದಲ್ಲಿ ‘ಇತರರು ಪರ ಅಥವಾ ವಿರೋಧವಾಗಿ ಮಾಡಿದ ಖರ್ಚು’ ಅನ್ನುವ ಭಾಗವನ್ನು ತಪ್ಪದೆ ತೆಗೆಯಿರಿ. ಅಲ್ಲಿ ಬರುವ ಸಮಿತಿಯ ಹೆಸರಿನ ಮೇಲೆ ಒತ್ತಿ ಒಳಗೆ ಹೋಗಿ, ಅದಕ್ಕೆ ಯಾರು ಕೊಟ್ಟರು ನೋಡಿ. ವ್ಯಕ್ತಿಯ ಹೆಸರು ಸಿಕ್ಕರೆ ಸರಿ. ಅದರ ಬದಲು ‘ಒಳ್ಳೆಯ ನಾಳೆಗಾಗಿ’ ಅನ್ನುವ ಧಾಟಿಯ ಒಂದು ಸಂಸ್ಥೆಯ ಹೆಸರು ಸಿಕ್ಕರೆ ಲೆಕ್ಕ ಅಲ್ಲಿಗೆ ನಿಂತಿತು. ತೆರಿಗೆ ಕಾನೂನಿನ 501(ಸಿ)(4) ಅನ್ನುವ ಕಲಮಿನಡಿ ಇರುವ ಇಂಥ ಸಂಸ್ಥೆಗಳು ದಾನಿಗಳ ಹೆಸರು ಸಾರ್ವಜನಿಕರಿಗೆ ಹೇಳಬೇಕಿಲ್ಲ. ಅವರ ವಾರ್ಷಿಕ ತೆರಿಗೆ ಪತ್ರ, ಫಾರ್ಮ್ 990, ಸಿಗುತ್ತದೆ. ಅದರಲ್ಲಿ ಅವರು ಯಾರಿಗೆ ಕೊಟ್ಟರು, ಮುಖ್ಯಸ್ಥರಿಗೆ ಎಷ್ಟು ಸಂಬಳ ಅನ್ನುವುದು ಇರುತ್ತದೆ, ಅವರಿಗೆ ಯಾರು ಕೊಟ್ಟರು ಅನ್ನುವುದು ಇರುವುದಿಲ್ಲ. ಮೂಗು ಮುರಿಯುವ ಮುಂಚೆ ನಮ್ಮ ಚುನಾವಣಾ ಬಾಂಡ್ ನೆನಪಿರಲಿ. 2018ರಿಂದ ನಡೆದದ್ದು, 2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟ್ ಹೊಡೆದು ಹಾಕಿದ ಮೇಲೆ ತಾನೇ ನಮಗೆ ಹೆಸರುಗಳು ಕಂಡದ್ದು?

ನರಸಾಪುರದ ಫೋನಿಗೆ ವಾಪಸ್ ಬರೋಣ. ಹೊಸ ಅಧ್ಯಕ್ಷರ ಪ್ರಮಾಣವಚನ ಸಮಾರಂಭಕ್ಕೆ ಒಂದು ಸಮಿತಿ ಇರುತ್ತದೆ. ಅದಕ್ಕೆ ಕೊಡುವ ದುಡ್ಡಿಗೆ ಮಿತಿಯೇ ಇಲ್ಲ, ಕಂಪನಿಗಳೂ ಕೊಡಬಹುದು. ಸಮಾರಂಭ ಆಗಿ 90 ದಿನದೊಳಗೆ ಫಾರ್ಮ್ 13ರಲ್ಲಿ ಎಫ್‌ಇಸಿಗೆ ಲೆಕ್ಕ ಕೊಡಬೇಕು. 2025ರ ಸಮಿತಿಗೆ ಬಂದದ್ದು ಸುಮಾರು 23.9 ಕೋಟಿ ಡಾಲರ್. ಆ ಪಟ್ಟಿಯಲ್ಲಿ ಆಪಲ್‌ನ ಟಿಮ್ ಕುಕ್ ಹೆಸರಲ್ಲಿ 10 ಲಕ್ಷ ಡಾಲರ್ ಇದೆ. ಜನವರಿಯಲ್ಲಿ ಸಮಾರಂಭ, ಏಪ್ರಿಲ್‌ನಲ್ಲಿ ಫೋನಿಗೆ ವಿನಾಯಿತಿ. ಯಜಮಾನರಿಗೆ ಇದನ್ನು ತೋರಿಸಿದಾಗ “ನಾನ್ ಹೇಳ್ಲಿಲ್ವಾ!” ಅಂತ ಮೇಜು ಕುಟ್ಟಿದರು. ಆದರೆ ಪಟ್ಟಿ ಅಷ್ಟು ಹೇಳುವುದಿಲ್ಲ. ದುಡ್ಡು ಕೊಟ್ಟರೂ ಕೆಲಸ ಆಗದ ಕಂಪನಿಗಳು ಅದೇ ಪಟ್ಟಿಯಲ್ಲಿವೆ. ಫೋನಿನ ಬೆಲೆ ಏರಿದರೆ ಅಲ್ಲಿನ ಮತದಾರರೇ ಬೈಯುತ್ತಾರೆ, ಅದೂ ಒಂದು ಕಾರಣ ಇರಬಹುದು. ದಿನಾಂಕ, ಮೊತ್ತ ಇಷ್ಟನ್ನು ಬರೆದುಕೊಳ್ಳಿ. ‘ಅದಕ್ಕೇ ಇದು’ ಅಂತ ಬರೆಯಬೇಡಿ.

ಲಾಬಿಯ ಲೆಕ್ಕ

ಚುನಾವಣೆ ಎರಡು ವರ್ಷಕ್ಕೊಮ್ಮೆ. ಲಾಬಿ, ಅಂದರೆ ಕಂಪನಿಗಳ ಪರವಾಗಿ ಸರ್ಕಾರದವರ ಮನವೊಲಿಸುವ ಕೆಲಸ, ದಿನಾಲೂ. ವರ್ಷಕ್ಕೆ 400 ಕೋಟಿ ಡಾಲರ್‌ಗೂ ಜಾಸ್ತಿ ಇದಕ್ಕೆ ಹೋಗುತ್ತದೆ, ಇದನ್ನು ನೋಡುವವರು ಮಾತ್ರ ಕಡಿಮೆ. 1995ರ ಕಾನೂನಿನ ಪ್ರಕಾರ ಲಾಬಿ ಮಾಡುವವರು ಮೂರು ತಿಂಗಳಿಗೊಮ್ಮೆ ರಿಪೋರ್ಟ್ ಹಾಕಬೇಕು. ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ, ಈ ನಾಲ್ಕು ತಿಂಗಳ 20ನೇ ತಾರೀಖು ಕೊನೆ ದಿನ. ನಮ್ಮ ಜಿಎಸ್‌ಟಿ 3ಬಿ ತಾರೀಖೇ, ಮರೆಯುವ ಹಾಗೇ ಇಲ್ಲ.

ಸೆನೆಟ್‌ನ ಲಾಬಿ ದಾಖಲೆಗಳ ತಾಣಕ್ಕೆ ಹೋಗಿ ‘ಕ್ಲೈಂಟ್’ ಜಾಗದಲ್ಲಿ ಕಂಪನಿಯ ಹೆಸರು ಹಾಕಿ. ಎಲ್‌ಡಿ-2 ಅನ್ನುವ ಫಾರ್ಮ್ ತೆರೆಯಿರಿ. ಮೊತ್ತ ಹತ್ತು ಸಾವಿರ ಡಾಲರ್‌ಗೆ ರೌಂಡ್ ಮಾಡಿರುತ್ತಾರೆ. ಕೆಳಗೆ ವಿಷಯವಾರು ಪುಟಗಳಿರುತ್ತವೆ. ವ್ಯಾಪಾರಕ್ಕೆ ಟಿಆರ್‌ಡಿ, ತೆರಿಗೆಗೆ ಟಿಎಎಕ್ಸ್, ಹೀಗೆ ಮೂರಕ್ಷರದ ಗುರುತು. ಅದರ ಕೆಳಗೆ ಯಾವ ಮಸೂದೆ, ಯಾವ ಇಲಾಖೆ ಅಂತ ಬರೆದಿರುತ್ತಾರೆ. ನಾನು ಮೊದಲು ನೋಡುವುದು ಇವ್ಯಾವುದನ್ನೂ ಅಲ್ಲ. ಲಾಬಿ ಮಾಡಿದವರ ಹೆಸರಿನ ಎದುರು ‘ಹಿಂದಿನ ಸರ್ಕಾರಿ ಹುದ್ದೆ’ ಅನ್ನುವ ಕಾಲಂ ಇರುತ್ತದೆ, ಅದನ್ನು. ನಿನ್ನೆ ಇದೇ ಸೆನೆಟರ್ ಹತ್ತಿರ ಕೆಲಸ ಮಾಡುತ್ತಿದ್ದವರು ಇವತ್ತು ಕಂಪನಿ ಪರವಾಗಿ ಅದೇ ಬಾಗಿಲು ತಟ್ಟುವುದು ಅಲ್ಲಿ ಕಾಣುತ್ತದೆ. ಸೆನೆಟರ್ ಆಗಿದ್ದವರು ಎರಡು ವರ್ಷ, ಹೌಸ್ ಸದಸ್ಯರಾಗಿದ್ದವರು ಒಂದು ವರ್ಷ ಕಾಂಗ್ರೆಸ್‌ನಲ್ಲಿ, ಅಂದರೆ ಅಲ್ಲಿನ ಸಂಸತ್ತಿನಲ್ಲಿ, ಲಾಬಿ ಮಾಡುವಂತಿಲ್ಲ, ಆಮೇಲೆ ದಾರಿ ಖಾಲಿ.

ಈ ಫಾರ್ಮ್‌ನಲ್ಲೂ ಲೆಕ್ಕ ಒಂದು ಕಡೆ ನಿಲ್ಲುತ್ತದೆ. ‘ಸೆನೆಟ್’, ‘ವಾಣಿಜ್ಯ ಇಲಾಖೆ’ ಅಂತ ಬರೆದರೆ ಸಾಕು, ಯಾವ ಸೆನೆಟರನ್ನು ಕಂಡರು ಅಂತ ಬರೆಯಬೇಕಿಲ್ಲ. ಮಂಡಿ ಚೀಟಿಯಲ್ಲಿ ತೂಕ, ರೇಟು, ಕಮಿಷನ್ ಎಲ್ಲ ಇದ್ದು, ಯಾರ ಮಾತಿಗೆ ರೇಟು ಇಳಿಯಿತು ಅನ್ನುವುದು ಮಾತ್ರ ಇಲ್ಲದಂತೆ. ವಿದೇಶಿ ಸರ್ಕಾರಗಳ ಪರ ಕೆಲಸ ಮಾಡುವವರಿಗೆ 1938ರ ಫಾರಾ ಕಾನೂನು ಇದೆ, ಅದು ಇದಕ್ಕಿಂತ ಬಿಗಿ. ಯಾರನ್ನು, ಯಾವತ್ತು ಕಂಡರು ಅಂತ ಸಮೇತ ಬರೆಯಬೇಕು. ಫಾರಾ ಡಾಟ್ ಗವ್‌ನಲ್ಲಿ ಇಂಡಿಯಾ ಅಂತ ಹಾಕಿ ನೋಡಿ. ವಾಷಿಂಗ್ಟನ್‌ನ ನಮ್ಮ ರಾಯಭಾರ ಕಚೇರಿ ದುಡ್ಡು ಕೊಟ್ಟು ಇಟ್ಟುಕೊಂಡ ಕಂಪನಿಗಳ ಒಪ್ಪಂದ ಪತ್ರಗಳೇ ಸಿಗುತ್ತವೆ. ನಮ್ಮ ಸರ್ಕಾರದ ಖರ್ಚು ತಿಳಿಯಲು ಅಮೆರಿಕದ ವೆಬ್‌ಸೈಟ್ ನೋಡಬೇಕು!

ಸ್ವಂತ ಜೇಬು

ಹೌಸ್, ಸೆನೆಟ್ ಸದಸ್ಯರ ಷೇರು ವ್ಯವಹಾರಕ್ಕೆ 2012ರ ಸ್ಟಾಕ್ ಕಾಯ್ದೆ ಇದೆ. 1,000 ಡಾಲರ್ ದಾಟಿದ ಖರೀದಿ, ಮಾರಾಟವನ್ನು 45 ದಿನದೊಳಗೆ ತಿಳಿಸಬೇಕು, ಗಂಡ ಹೆಂಡತಿಯದ್ದೂ ಸೇರಿ. ಹೌಸ್‌ನದು ಕ್ಲರ್ಕ್ ಕಚೇರಿಯ ತಾಣದಲ್ಲಿ, ಸೆನೆಟ್‌ನದು ಬೇರೆ ತಾಣದಲ್ಲಿ. ಎರಡು ತೊಂದರೆ. ಮೊತ್ತ ನಿಖರವಾಗಿ ಇರುವುದಿಲ್ಲ, ‘15,001ರಿಂದ 50,000’ ಅನ್ನುವ ಥರ ಇರುತ್ತದೆ. ತಡ ಮಾಡಿದರೆ ದಂಡ 200 ಡಾಲರ್. ನನ್ನ ಕ್ಲೈಂಟ್‌ಗಳು ರಿಟರ್ನ್ ತಡ ಮಾಡಿದರೆ 5,000 ರೂಪಾಯಿ ಕಟ್ಟುತ್ತಾರೆ. ಕೋಟಿಗಟ್ಟಲೆ ಷೇರು ಇರುವವರಿಗೆ 200 ಡಾಲರ್ ಯಾವ ಲೆಕ್ಕ? ಆಸ್ತಿ ವಿಷಯದಲ್ಲಿ ನಮ್ಮ ಅಭ್ಯರ್ಥಿಗಳು ಫಾರ್ಮ್ 26ರಲ್ಲಿ ಕೊಡುವ ಅಫಿಡವಿಟ್ಟೇ ವಾಸಿ, ರೂಪಾಯಿ ಲೆಕ್ಕದಲ್ಲಿ ಇರುತ್ತದೆ.

ಲಂಚ ಅಂತ ಶಿಕ್ಷೆ ಆಗುವುದಿಲ್ಲವೇ? ಆಗುತ್ತದೆ. ನ್ಯೂಜೆರ್ಸಿಯ ಸೆನೆಟರ್ ಬಾಬ್ ಮೆನೆಂಡೆಜ್ ಮನೆಯಲ್ಲಿ ಚಿನ್ನದ ಗಟ್ಟಿ, ಕೋಟಿನ ಜೇಬಲ್ಲಿ ನಗದು ಸಿಕ್ಕಿ, 2025ರಲ್ಲಿ 11 ವರ್ಷ ಜೈಲು ಶಿಕ್ಷೆಯಾಯಿತು. ಆದರೆ ಗೆರೆ ಬಹಳ ಆಚೆ ಹೋಗಿದೆ. ಇಂಡಿಯಾನಾದ ಪೋರ್ಟೇಜ್ ಎಂಬ ಊರಿನ ಮೇಯರ್ ಜೇಮ್ಸ್ ಸ್ನೈಡರ್, ಕಸದ ಲಾರಿ ಗುತ್ತಿಗೆ ಪಡೆದ ಕಂಪನಿಯಿಂದ ಆಮೇಲೆ 13,000 ಡಾಲರ್ ಪಡೆದರು. ಸಲಹೆಯ ಶುಲ್ಕ ಅಂದರು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್, ಕೆಲಸ ಮುಗಿದ ಮೇಲೆ ಸಂತೋಷಕ್ಕೆ ಕೊಟ್ಟದ್ದು ಆ ಫೆಡರಲ್ ಲಂಚ ಕಾನೂನಿನ ಕೆಳಗೆ ಬರುವುದಿಲ್ಲ, ಬೇಕಾದರೆ ರಾಜ್ಯಗಳು ನೋಡಿಕೊಳ್ಳಲಿ ಅಂದಿತು. ಇದನ್ನು ಓದಿ ಹೇಳಿದಾಗ ಯಜಮಾನರು ತುಂಬ ಹೊತ್ತು ನಕ್ಕರು.

ಮಕ್ಕಳು ಅಲ್ಲಿರುವವರಿಗೆ

ಇದು ಮುಖ್ಯ. ನಿಮ್ಮ ಮಗ ಅಥವಾ ಸೊಸೆ ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇದ್ದರೆ ಅಲ್ಲಿನ ಯಾವ ಚುನಾವಣೆಗೂ, ನಗರಸಭೆ ಚುನಾವಣೆಗೂ, ಒಂದು ಡಾಲರ್ ದೇಣಿಗೆ ಕೊಡುವ ಹಾಗಿಲ್ಲ. ಗ್ರೀನ್ ಕಾರ್ಡ್ ಇದ್ದರೆ ಕೊಡಬಹುದು. ವೀಸಾದಲ್ಲಿ ಇರುವವರೂ ಸಂಬಳವಿಲ್ಲದೆ ಸ್ವಯಂಸೇವೆ ಮಾಡಬಹುದು. ಸ್ನೇಹಿತರು “ನಿನ್ನ ಹೆಸರಲ್ಲಿ ಹಾಕು, ದುಡ್ಡು ನಾನು ಕೊಡ್ತೀನಿ” ಅಂದರೆ ದೂರ ಇರಲಿ, ಇನ್ನೊಬ್ಬರ ಹೆಸರಲ್ಲಿ ಕೊಡುವುದು ಅಪರಾಧ. ಮುಂಬೈಯಲ್ಲಿ ಹುಟ್ಟಿ ಅಲ್ಲಿ ಹೆಸರು ಮಾಡಿದ ಬರಹಗಾರ ದಿನೇಶ್ ಡಿಸೋಜಾ 2014ರಲ್ಲಿ ಇದಕ್ಕೇ ತಪ್ಪೊಪ್ಪಿಕೊಂಡರು. 2018ರಲ್ಲಿ ಟ್ರಂಪ್ ಕ್ಷಮಾದಾನ ಕೊಟ್ಟರು. ನಿಮ್ಮ ಮಗನಿಗೆ ಯಾರೂ ಕೊಡುವುದಿಲ್ಲ.

ಏನಾದರೂ ಅನುಮಾನದ್ದು ಕಂಡರೆ ದೂರು ಕೊಡಬಹುದಾ ಅಂತ ಕೇಳುತ್ತಾರೆ. ಎಫ್‌ಇಸಿಯಲ್ಲಿ ಆರು ಸದಸ್ಯರ ಜಾಗ, ಒಂದೇ ಪಕ್ಷದವರು ಮೂರಕ್ಕಿಂತ ಜಾಸ್ತಿ ಇರುವಂತಿಲ್ಲ, ಏನೇ ಕ್ರಮಕ್ಕೂ ನಾಲ್ಕು ಮತ ಬೇಕು. ಎಷ್ಟೋ ದೂರು ಮೂರಕ್ಕೆ ಮೂರು ಆಗಿ ಅಲ್ಲೇ ಕೂತವು. 2025ರ ಮೇ ತಿಂಗಳಲ್ಲಿ ಕೋರಂಗೆ ಬೇಕಾದ ನಾಲ್ಕು ಜನವೂ ಇಲ್ಲದಂತಾಯಿತು. ರಿಪೋರ್ಟ್‌ಗಳು ಮಾತ್ರ ನಿಲ್ಲಲಿಲ್ಲ. ಸಮಿತಿಗಳು ಹಾಕುತ್ತವೆ, ಸಿಬ್ಬಂದಿ ವೆಬ್‌ಸೈಟ್‌ಗೆ ಏರಿಸುತ್ತಾರೆ. ಹುಡುಕುವಾಗ ಬ್ರೌಸರ್‌ನ ಕನ್ನಡ ಅನುವಾದ ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಮಿಸ್ಟರ್ ಗೋಲ್ಡ್ ಹೋಗಿ ಶ್ರೀ ಚಿನ್ನ ಬಂದು ಕೂರುತ್ತಾರೆ.