ಗೇರ್‌ಬಾಕ್ಸ್ ಎಂಜಿನ್‌ಗೆ ಕೂರದಿದ್ದಾಗ

ಕಾಫಿ ಮೂಟೆ, ಗೊಬ್ಬರ, ಕೆಲಸದವರು ಎಲ್ಲವನ್ನೂ ಹೊತ್ತು ಕೊಡಗಿನ ತೋಟಗಳ ಏರುದಾರಿಯಲ್ಲಿ ಓಡಾಡುವ ಹಳೆಯ ಜೀಪುಗಳಿಗೆ ಕ್ಲಚ್ ಪ್ಲೇಟ್ ಬದಲಾಯಿಸುವ ಕೆಲಸ ಬೇಗ ಬರುತ್ತದೆ. ಇಳಿಸಿದ ಗೇರ್‌ಬಾಕ್ಸನ್ನು ಮತ್ತೆ ಜೋಡಿಸುವಾಗ ಎಂಜಿನ್‌ಗೂ ಬೆಲ್ ಹೌಸಿಂಗ್‌ಗೂ (ಕ್ಲಚ್ಚನ್ನು ಮುಚ್ಚುವ, ಗೇರ್‌ಬಾಕ್ಸಿನ ಮುಂದಿನ ಗಂಟೆಯಾಕಾರದ ಕವಚ) ನಡುವೆ ಸಂದು ಉಳಿದು, ಎಷ್ಟು ತಳ್ಳಿದರೂ ಮುಂದೆ ಸರಿಯದಿರುವುದುಂಟು. ಆಗ ಬೋಲ್ಟ್ ಬಿಗಿದು ಸಂದು ಮುಚ್ಚಲು ಎಂದಿಗೂ ಹೋಗಬಾರದು. ಸಿದ್ದಾಪುರದ ಬಳಿಯ ಶೆಡ್ಡೊಂದರಲ್ಲಿ ಹೀಗೆ ಬಿಗಿದು ಬೆಲ್ ಹೌಸಿಂಗಿನ ಕಿವಿ ಮುರಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕ್ಲಚ್ ಪ್ಲೇಟಿನ ನಡುಭಾಗವೂ ಬಾಗಿತ್ತು.

ಮೊದಲು ಜಾಕಿಯತ್ತ ಗಮನ ಕೊಡಿ. ಮಳೆಗಾಲದ ನಮ್ಮ ಮಣ್ಣಿನಲ್ಲಿ ಅದು ಸದ್ದಿಲ್ಲದೆ ಹೂತುಹೋಗುತ್ತದೆ. ಸಮತಟ್ಟಾದ ಜಾಗದಲ್ಲಿ ದಪ್ಪ ಹಲಗೆಯ ಮೇಲೆ ಜಾಕಿ ಇಟ್ಟು, ಚಕ್ರಗಳಿಗೆ ಅಡ್ಡೆ ಕೊಟ್ಟು, ವಾಹನವನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿದ ನಂತರವೇ ಅಡಿಗೆ ಹೋಗಬೇಕು.

ಇನ್ನು ಸಂದನ್ನು ಓದಬೇಕು. ಸಾಮಾನ್ಯವಾಗಿ ಸಂದು ಇಂಚುಗಟ್ಟಲೆ ಇದ್ದರೆ ಇನ್‌ಪುಟ್ ಶಾಫ್ಟಿನ (ಗೇರ್‌ಬಾಕ್ಸಿನಿಂದ ಮುಂದಕ್ಕೆ ಚಾಚಿದ ದಂಡದ) ಸ್ಪ್ಲೈನ್, ಅಂದರೆ ಅದರ ಮೈಮೇಲಿನ ಉದ್ದನೆಯ ಹಲ್ಲುಗಳು, ಇನ್ನೂ ಕ್ಲಚ್ ಪ್ಲೇಟಿನ ಹಲ್ಲುಗಳಿಗೆ ಸೇರಿಲ್ಲ. ಬೆರಳಿನಷ್ಟೇ ಇದ್ದರೆ ಶಾಫ್ಟಿನ ತುದಿ ಎಂಜಿನ್ನಿನ ಬದಿಯಲ್ಲಿ ಅದನ್ನು ಹಿಡಿಯುವ ಪೈಲಟ್ ಬೇರಿಂಗ್ ಎದುರು ಬಂದು ತಡೆದು ನಿಂತಿದೆ. ಮೇಲೆ ಕೂಡಿ ಕೆಳಗೆ ತೆರೆದಿದ್ದರೆ ಗೇರ್‌ಬಾಕ್ಸಿನ ಹಿಂಭಾಗ ಎತ್ತರವಾಗಿದೆ, ಅದನ್ನು ಸ್ವಲ್ಪ ಇಳಿಸಬೇಕು.

ಹಲ್ಲು ಕೂಡದಿದ್ದರೆ ಗೇರ್‌ಬಾಕ್ಸನ್ನು ಗೇರಿಗೆ ಹಾಕಿ, ಮೆಲ್ಲಗೆ ಮುಂದೆ ಒತ್ತುತ್ತಲೇ ಹಿಂಬದಿಯ ಫ್ಲೇಂಜನ್ನು (ಚಕ್ರಗಳತ್ತ ಹೋಗುವ ಶಾಫ್ಟ್ ಕೂಡುವ ಬಿಲ್ಲೆಯನ್ನು) ಕೈಯಿಂದ ಅತ್ತಿತ್ತ ತಿರುಗಿಸಿ. ಹಲ್ಲು ಎದುರಾದೊಡನೆ ಅದು ಒಮ್ಮೆಗೇ ಜಾರಿ ಒಳಸೇರುತ್ತದೆ. ಆದರೂ ಸೇರದಿದ್ದರೆ ಹೊರಗೆ ತೆಗೆದು, ಹೊಸ ಪ್ಲೇಟನ್ನು ಬರಿಗೈಯಲ್ಲಿ ಶಾಫ್ಟಿಗೆ ತೊಡಿಸಿ ನೋಡಬೇಕು. ಅಲ್ಲಿ ಸರಾಗವಾಗಿ ಜಾರದ ಪ್ಲೇಟ್ ಆ ಜೀಪಿನದಲ್ಲ. ಅಂಗಡಿಯಿಂದ ತಂದ ದಿನವೇ ಈ ಪರೀಕ್ಷೆ ಮಾಡಿದರೆ ಅರ್ಧ ದಿನದ ಕೂಲಿ ಉಳಿಯುತ್ತದೆ.

ತುದಿ ತಡೆದಿದೆಯೆಂಬ ಅನುಮಾನಕ್ಕೆ ಒಂದು ಒಳ್ಳೆಯ ಉಪಾಯವಿದೆ. ಶಾಫ್ಟಿನ ತುದಿಗೆ ತೆಳ್ಳಗೆ ಗ್ರೀಸ್ ಸವರಿ, ಒಮ್ಮೆ ತಳ್ಳಿ, ಹಿಂದಕ್ಕೆಳೆದು ಟಾರ್ಚ್ ಬೆಳಕಿನಲ್ಲಿ ನೋಡಿ. ಗ್ರೀಸ್ ಒಂದೇ ಬದಿಯಲ್ಲಿ ಒರೆಸಿಹೋಗಿದ್ದರೆ ಪ್ಲೇಟ್ ಆ ಕಡೆಗೆ ಸರಿದು ಕುಳಿತಿದೆ ಎಂದರ್ಥ. ಕ್ಲಚ್ ಪ್ಲೇಟನ್ನು ಒತ್ತಿ ಹಿಡಿಯುವ ಪ್ರೆಷರ್ ಪ್ಲೇಟಿನ ಬೋಲ್ಟ್‌ಗಳನ್ನು ಸಡಿಲಿಸಿ, ಹಳೆಯ ಇನ್‌ಪುಟ್ ಶಾಫ್ಟನ್ನೋ ಅಳತೆಗೆ ಕಡೆದ ಮರದ ಗೂಟವನ್ನೋ ತೂರಿಸಿ ಪ್ಲೇಟನ್ನು ನಡುವಿಗೆ ತಂದು ಮತ್ತೆ ಬಿಗಿಯಬೇಕು. ತುದಿಯ ಸುತ್ತಲೂ ಸಮನಾಗಿ ಗುರುತು ಬಿದ್ದಿದ್ದರೆ ತಪ್ಪು ಬೇರಿಂಗಿನದು: ಅದು ಓರೆಯಾಗಿ ಕೂತಿರಬಹುದು, ಅಳತೆ ತಪ್ಪಿರಬಹುದು.

ಒಬ್ಬರೇ ಕೆಲಸ ಮಾಡುವವರು ಎರಡು ಉದ್ದ ಬೋಲ್ಟ್‌ಗಳ ತಲೆ ಕತ್ತರಿಸಿ ಎಂಜಿನ್ನಿನ ಎರಡೂ ಬದಿಗೆ ತಿರುಪಿಟ್ಟುಕೊಂಡರೆ, ಗೇರ್‌ಬಾಕ್ಸ್ ಅವುಗಳ ಮೇಲೆ ನೇರವಾಗಿ ಜಾರುತ್ತದೆ.

ಸಂದು ಕೈಯ ಬಲದಲ್ಲೇ ಪೂರ್ತಿ ಮುಚ್ಚಿದ ನಂತರ ಗೇರನ್ನು ನ್ಯೂಟ್ರಲ್‌ಗೆ ತಂದು, ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯುತ್ತ, ನಡುನಡುವೆ ಸ್ಪಾನರ್‌ನಿಂದ ಎಂಜಿನ್ನಿನ ಮುಂದಿನ ಪುಲ್ಲಿಯನ್ನು ತಿರುಗಿಸಿ ನೋಡಿ. ಮೊದಲಿಗಿಂತ ಬಿಗಿಯೆನಿಸಿದರೆ ಅಲ್ಲಿಗೇ ನಿಲ್ಲಿಸಿ ಸಡಿಲಿಸಬೇಕು.