ಅಮಾವಾಸ್ಯೆ ನೋಡಿಕೊಂಡು ಚಾಂಗಿ ಬೀಚಿಗೆ: ನನ್ನ ಅನುಭವ

"ಚಾಂಗಿ ಬೀಚ್ ಪಾರ್ಕಲ್ಲಿ ಏನಿದೆ? ವಿಮಾನದ ಸದ್ದು, ಬಾರ್ಬೆಕ್ಯೂ ಹೊಗೆ." ಸಿಂಗಾಪುರದ ನಮ್ಮ ಗೆಳೆಯರೆಲ್ಲ ಹೇಳುತ್ತಿದ್ದದ್ದು ಇದನ್ನೇ. ಸಮುದ್ರದ ನೀರು ತೀರಾ ಇಳಿದಾಗ ಅಲ್ಲಿ ನಕ್ಷತ್ರಮೀನು ನೋಡಬಹುದು ಅಂದಾಗ ನಕ್ಕರು. ಈಗ ಅವರೇ "ಮುಂದಿನ ಸಲ ನಮ್ಮನ್ನೂ ಕರೀರಿ" ಅಂತಿದ್ದಾರೆ. ಸ್ವಲ್ಪ ಜಂಬ ಬಂದಿದೆ, ಇರಲಿ.

ಮೊದಲ ಸಲ ಭಾನುವಾರ ಮಧ್ಯಾಹ್ನ ಹೋಗಿ ತುಂಬು ಉಬ್ಬರ ನೋಡಿ ಬಂದೆವು. ಎರಡನೇ ಸಲ ಉಬ್ಬರ-ಇಳಿತದ ಪಟ್ಟಿ ನೋಡಿಕೊಂಡೇ ಹೋದೆ. ಇಳಿತದಲ್ಲಿ ನೀರಿನ ಮಟ್ಟ 0.9 ಮೀಟರ್ ಅಂತಿತ್ತು. ಇಳಿತ ಅಂದರೆ ಇಳಿತ ತಾನೇ ಅಂದುಕೊಂಡೆ. ಸಿಕ್ಕಿದ್ದು ಬರೀ ಮರಳು, ಎರಡು ಏಡಿ. ಮೂರನೇ ಸಲ ಅಂಕಿ ಸರಿಯಿತ್ತು, 0.2. ಬೆಳಗಿನ ಜಾವದ ಟ್ಯಾಕ್ಸಿ, ಮೀಟರ್ ಮೇಲೆ ಅರ್ಧ ಜಾಸ್ತಿ, ಸುಮಾರು 40 ಡಾಲರ್. ಇಳಿದು ಹತ್ತು ನಿಮಿಷಕ್ಕೆ ಸುಮಾತ್ರಾ ಸ್ಕ್ವಾಲ್ ಬಂತು ನೋಡಿ, ಗಾಳಿ, ಗುಡುಗು, ಮಳೆ! ಸೂರಿನಡಿ ಕೂತು ಅವಲಕ್ಕಿ ತಿಂದು ವಾಪಸ್. ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಆಮೇಲೆ ಅಡುಗೆಮನೆ ಗೋಡೆಯ ಕ್ಯಾಲೆಂಡರ್ ಹಿಡಿದು ಕೂತೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲೇ ನೀರು ತೀರಾ ಕೆಳಗೆ ಹೋಗುವುದು. ಕರಾವಳಿಯವರಿಗೆ ಇದೇನು ಹೊಸದಲ್ಲ, ನಾನು ಬಯಲುಸೀಮೆಯವನು. ಒಂದಿಡೀ ವರ್ಷದ ಒಳ್ಳೆ ದಿನಗಳನ್ನು ಒಂದೇ ಸಂಜೆ ಗುರುತು ಮಾಡಿಬಿಟ್ಟೆ. ಗಂಟೆ, ಮೀಟರ್ ಮಾತ್ರ ಪಟ್ಟಿಯಲ್ಲೇ ನೋಡಬೇಕು. ಇಲ್ಲಿ ವರ್ಷದ ನಡುವೆ ಒಳ್ಳೆ ಇಳಿತ ಬರುವುದು ಬೆಳಗಿನ ಜಾವ, ವರ್ಷದ ಕೊನೆಗೆ ಸಂಜೆ ಮೇಲೆ.

ಅಮ್ಮ ಫೋನಿನಲ್ಲೇ ಬೈದರು. "ಅಮಾವಾಸ್ಯೆ ಕತ್ತಲಲ್ಲಿ ಮಗು ಕರ್ಕೊಂಡು ಸಮುದ್ರಕ್ಕಾ?" ಅಮಾವಾಸ್ಯೆ ಕಳೆದ ಮೇಲೇ ಹೋಗುತ್ತೇನೆ ಅಂದೆ. ಸುಳ್ಳಲ್ಲ, ಒಂದೆರಡು ದಿನ ಬಿಟ್ಟೇ ಇಳಿತ ಜಾಸ್ತಿ. 1942ರ ಫೆಬ್ರವರಿ 20ರಂದು ಜಪಾನಿಯರು ಇದೇ ನೀರಿನಂಚಿನಲ್ಲಿ 66 ಜನರನ್ನು ಗುಂಡಿಟ್ಟು ಕೊಂದದ್ದನ್ನು ಹೇಳುವ ಫಲಕ ಅಲ್ಲಿದೆ. ಅಮ್ಮನಿಗೆ ಅದನ್ನು ಹೇಳಿಲ್ಲ.

ನಾಲ್ಕನೇ ಸಲ ಜೂನ್‌ನಲ್ಲಿ, 0.1 ಮೀಟರ್. ಒಂದು ಗಂಟೆ ಮುಂಚೆಯೇ ಹೋಗಿ, ನೀರು ಸರಿದಂತೆ ಅದರ ಹಿಂದೆಯೇ ನಡೆದೆವು. ಟಾರ್ಚ್ ಬೆಳಕಿಗೆ ಮೊದಲು ಕಂಡದ್ದು ಚಮಚದಂಥ ಎಲೆಯ ಸಮುದ್ರದ ಹುಲ್ಲು. ಆಮೇಲೆ ಸಮುದ್ರ ಸೌತೆ, ಅಂದರೆ ಸೌತೆಕಾಯಿಯಂಥ ಪ್ರಾಣಿ. ಊಟದ ತಟ್ಟೆಯಷ್ಟು ಅಗಲದ, ಹೂವಿನಂತೆ ಕಾಣುವ ಪ್ರಾಣಿ ಕಾರ್ಪೆಟ್ ಅನಿಮೋನ್. ಕೊನೆಗೆ ಮಗಳ ಅಂಗೈಗಿಂತ ದೊಡ್ಡದಾದ, ಮೈತುಂಬ ಗುಬುಟಿನ ನಕ್ಷತ್ರಮೀನು! ಅವಳ ಕಿರುಚಾಟದಲ್ಲಿ ತಲೆ ಮೇಲೆ ವಿಮಾನ ಹೋದದ್ದೂ ಕೇಳಲಿಲ್ಲ.

ಚಪ್ಪಲಿ ಹಾಕಿಕೊಂಡು ಹೋಗಬೇಡಿ. ವಿಷದ ಮುಳ್ಳಿನ ಕಲ್ಲುಮೀನು ತುಳಿದರೆ ನೇರ ಆಸ್ಪತ್ರೆಯೇ. ನನ್ನ ಕ್ರಾಕ್ಸ್ ಒಂದು ಇನ್ನೂ ಅಲ್ಲೇ ಕೆಸರಲ್ಲಿದೆ. ಆಮೇಲೆ 15 ಡಾಲರಿನ ಬೂಟು ತಂದೆ. ಸುಮ್ನೆ ನೋಡೋಣ ಅಂತ 25 ಡಾಲರ್ ಕೊಟ್ಟು ಯುವಿ (ನೇರಳಾತೀತ ಬೆಳಕಿನ) ಟಾರ್ಚೂ ತಂದಿದ್ದೆ. ಅನಿಮೋನ್ ಮೇಲೆ ಹಿಡಿದರೆ ಹಸಿರಾಗಿ ಹೊಳೆಯುತ್ತದೆ! ಪೋಲರಾಯ್ಡ್ ಕನ್ನಡಕವನ್ನು ಫೋನಿನ ಕ್ಯಾಮೆರಾಗೆ ಅಡ್ಡ ಹಿಡಿದರೆ ನೀರಿನ ಮಿನುಗು ಹೋಗುತ್ತದೆ. ಯಾವ ಕೋನದಲ್ಲಿ ಅನ್ನುವುದು ನನ್ನ ಗುಟ್ಟು.

ಇವೆಲ್ಲ ಕಂಡದ್ದು ಯಾವ ಕಾರ್ ಪಾರ್ಕ್ ಎದುರು ಅಂತಲೂ ಕೇಳಬೇಡಿ. ಈಚೆಗೆ ಬಕೆಟ್ ಹಿಡಿದು ಬಂದು ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ಏಳು ಗಂಟೆಗೆ ಬೆಳಕಾಗುವಷ್ಟರಲ್ಲಿ ನೀರು ತಿರುಗಿತ್ತು. ಚಾಂಗಿ ವಿಲೇಜ್‌ನಲ್ಲಿ ಕೋಪಿ (ಇಲ್ಲಿನ ಕಾಫಿ) ಕುಡಿದು 2ನೇ ನಂಬರ್ ಬಸ್ ಹತ್ತಿದೆವು. ಹೆಂಡತಿಯೇ ಕೇಳಿದಳು, "ಹುಣ್ಣಿಮೆ ಯಾವಾಗ?"