ಮಧ್ಯಾಹ್ನದ ನಾಲ್ಕು ತಾಸು ಗ್ಯಾಸಿನ ತಂಪು: ನನ್ನ ಅನುಭವ

ಶಿವಮೊಗ್ಗದಲ್ಲಿ ಬೆಳೆದವರಿಗೆ ಬೇಸಿಗೆ ಎಂದರೆ ಬೆಳಗಿನ ಪೇಪರಿನಲ್ಲಿ ಲಿಂಗನಮಕ್ಕಿಯ ನೀರಿನ ಮಟ್ಟ ನೋಡುವ ಕಾಲ. ತುಂಬಿದರೆ 1819 ಅಡಿ. ಅದು ಇಳಿದಂತೆಲ್ಲ ಆ ನೀರಿನಿಂದ ಓಡುವ ಶರಾವತಿ ವಿದ್ಯುತ್ ಕೇಂದ್ರದ 1035 ಮೆಗಾವಾಟ್ ನೆನಪಾಗಿ ನನಗೆ ಚಿಂತೆ ಹತ್ತುತ್ತದೆ. ಯಾಕೆಂದರೆ ನಾನು ನೋಡಿಕೊಳ್ಳುವ ಆಸ್ಪತ್ರೆ ಕಟ್ಟಡದ ಹಳೆಯ 100 ಟನ್ (ಟನ್ ಎಂದರೆ ಇಲ್ಲಿ ತೂಕವಲ್ಲ, ತಂಪು ಮಾಡುವ ಶಕ್ತಿಯ ಅಳತೆ) ಚಿಲ್ಲರ್, ಅಂದರೆ ಎಸಿಗೆ ನೀರು ತಣಿಸುವ ಯಂತ್ರ, ಏಪ್ರಿಲ್ ಮಧ್ಯಾಹ್ನಗಳಲ್ಲಿ ತಾನೊಂದೇ 130 ಕಿಲೋವಾಟ್ ಎಳೆಯುತ್ತಿತ್ತು. ಬಿಸಿಲು ಏರಿದಷ್ಟೂ ಅದರ ಹಸಿವು ಹೆಚ್ಚು. ಕರೆಂಟ್ ಹೋದರೆ ಅಷ್ಟೂ ಭಾರ ಡೀಸೆಲ್ ಜನರೇಟರ್ ಮೇಲೆ.

ಈ ಭಾರ ಇಳಿಸಲು ಹಳೆಯ ಚಿಲ್ಲರಿನ ಪಕ್ಕದಲ್ಲಿ ಗ್ಯಾಸಿನಿಂದ ಓಡುವ ವೇಪರ್ ಅಬ್ಸಾರ್ಪ್ಷನ್ ಮಷಿನ್ ಕೂರಿಸಿದೆವು. ಹಳೆಯದರಲ್ಲಿ ಹೆಚ್ಚು ಕರೆಂಟ್ ತಿನ್ನುವ ಕಂಪ್ರೆಸರ್ ಇದರಲ್ಲಿ ಇಲ್ಲ. ಗಾಳಿ ತೆಗೆದ ಪಾತ್ರೆಯೊಳಗೆ ನೀರು ನಾಲ್ಕೈದು ಡಿಗ್ರಿಯಲ್ಲೇ ಕುದಿದು ಕಟ್ಟಡದ ಶಾಖ ಹೀರುತ್ತದೆ. ಆ ಆವಿಯನ್ನು ಲಿಥಿಯಂ ಬ್ರೋಮೈಡ್ ಎಂಬ ಉಪ್ಪಿನ ದ್ರಾವಣ ಕುಡಿಯುತ್ತದೆ. ಗ್ಯಾಸ್ ಉರಿ ಆ ದ್ರಾವಣವನ್ನು ಕುದಿಸಿ ನೀರನ್ನು ಮತ್ತೆ ಬಿಡಿಸುತ್ತದೆ. ಕರೆಂಟ್ ಬೇಕಿರುವುದು ಪಂಪುಗಳಿಗೆ, ನೀರನ್ನು ಆವಿಯಾಗಿಸಿ ಶಾಖ ಹೊರಬಿಡುವ ಕೂಲಿಂಗ್ ಟವರಿನ ಫ್ಯಾನಿಗೆ. ನಮ್ಮಲ್ಲಿ ಎಲ್ಲ ಸೇರಿ 25 ಕಿಲೋವಾಟ್ ದಾಟುವುದಿಲ್ಲ.

ಗ್ಯಾಸ್ ಅಗ್ಗವೇನಲ್ಲ. ಪೂರ್ತಿ ಲೋಡಿನಲ್ಲಿ ಗಂಟೆಗೆ ಸುಮಾರು 25 ಕೆ.ಜಿ. ಎಲ್‌ಪಿಜಿ, 47.5 ಕೆ.ಜಿ.ಯ ದೊಡ್ಡ ಸಿಲಿಂಡರ್ ಎರಡು ತಾಸಿಗೂ ಸಾಲದು. ಹಾಗಾಗಿ ಹನ್ನೆರಡರಿಂದ ನಾಲ್ಕರವರೆಗೆ ಮಾತ್ರ ಗ್ಯಾಸು, ಉಳಿದ ಹೊತ್ತು ಹಳೆಯ ಚಿಲ್ಲರ್. ಇಡೀ ದಿನ ಓಡಿಸುತ್ತೇನೆ ಎನ್ನುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ನಾವು ಮಾಡಿದ ದೊಡ್ಡ ತಪ್ಪು ಮೊದಲ ಬೇಸಿಗೆಯಲ್ಲೇ ಗೊತ್ತಾಯಿತು. ಭರಣಿ ಮಳೆ ಗುಡುಗುತ್ತಾ ಬಂತು, ಕರೆಂಟ್ ಹೋಯಿತು. ಜನರೇಟರ್ ಹತ್ತಿಕೊಂಡರೂ ಈ ಮಷಿನ್ನಿನ ಪಂಪುಗಳನ್ನು ನಾವು ತುರ್ತು ಪ್ಯಾನೆಲಿಗೆ ಜೋಡಿಸಿರಲಿಲ್ಲ. ಈ ಮಷಿನ್ ನಿಲ್ಲಿಸುವಾಗ ಉರಿ ಆರಿದ ಮೇಲೂ ಪಂಪು ಸ್ವಲ್ಪ ಹೊತ್ತು ತಿರುಗಿ ದ್ರಾವಣವನ್ನು ತೆಳ್ಳಗೆ ಮಾಡಬೇಕು. ಅದು ಆಗಲಿಲ್ಲ. ಕರೆಂಟ್ ಬಂದ ಮೇಲೆ ಆಪರೇಟರ್ ಹುಡುಗ ಓಡಿಬಂದ: "ಸಾರ್, ಪಂಪು ತಿರುಗ್ತಿದೆ, ದ್ರಾವಣ ಹೋಗ್ತಿಲ್ಲ." ಜೋನಿಬೆಲ್ಲದ ಡಬ್ಬಿಯ ತಳದಲ್ಲಿ ಸಕ್ಕರೆ ಕಟ್ಟುತ್ತದಲ್ಲ, ಹಾಗೆ ಗಾಢ ದ್ರಾವಣ ತಣ್ಣಗಾಗಿ ಹೀಟ್ ಎಕ್ಸ್‌ಚೇಂಜರಿನೊಳಗೆ, ಅಂದರೆ ಬಿಸಿ ದ್ರಾವಣ ತಣ್ಣನೆಯದಕ್ಕೆ ಶಾಖ ಕೊಡುವ ಭಾಗದೊಳಗೆ, ಹರಳುಗಟ್ಟಿತ್ತು. ರಾತ್ರಿಯಿಡೀ ಹೊರಗಿನಿಂದ ಬಿಸಿ ಕೊಟ್ಟು ಕರಗಿಸಿದೆವು. ಬೆಳಗಿನ ಜಾವ ದ್ರಾವಣ ಮತ್ತೆ ಹರಿದ ಸದ್ದು ಕೇಳಿದಾಗ ಹುಡುಗನ ಕಣ್ಣು ತುಂಬಿತ್ತು, ನನ್ನದೂ. ಮಾರನೇ ದಿನವೇ ಪಂಪುಗಳ ವೈರು ಜನರೇಟರ್ ಪ್ಯಾನೆಲಿಗೆ ಬಂತು.

ಇನ್ನು ನೀರು. ಕಟ್ಟಡದ ಶಾಖದ ಜೊತೆ ಉರಿಯ ಶಾಖವನ್ನೂ ಕೂಲಿಂಗ್ ಟವರ್ ಹೊರಹಾಕಬೇಕು. ಪೂರ್ತಿ ಲೋಡಿನಲ್ಲಿ ಗಂಟೆಗೆ ಹತ್ತಿರಹತ್ತಿರ ಸಾವಿರ ಲೀಟರ್ ಆವಿಯಾಗುತ್ತದೆ. ತುಂಗೆಯೂ ಸೊರಗುವ ತಿಂಗಳಲ್ಲಿ ಕುಡಿಯುವ ನೀರನ್ನು ಅದಕ್ಕೆ ಸುರಿಯಲು ನನಗೆ ಮನಸ್ಸಾಗಲಿಲ್ಲ. ಚಾವಣಿಯ ಮಳೆನೀರಿಗೆ ಸಂಪು ತೋಡಿಸಿದೆವು. ಮಳೆನೀರಿನಲ್ಲಿ ಗಡಸುತನವಿಲ್ಲ, ಟ್ಯೂಬಿನಲ್ಲಿ ಸುಣ್ಣ ಕಟ್ಟುವುದಿಲ್ಲ. ಸಂಪು ಬರಿದಾದ ಮೇಲೆ ಕಟ್ಟಡದ್ದೇ ಶುದ್ಧೀಕರಿಸಿದ ಕೊಳಚೆ ನೀರು, ಆಗ ವಾರಕ್ಕೊಮ್ಮೆ ಗಡಸುತನ ಅಳೆದು ಪುಸ್ತಕದಲ್ಲಿ ಬರೆದಿಡುತ್ತೇವೆ.